ಅಮೀರಬಾಯಿ ಕರ್ನಾಟಕಿ

ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದೊಡನೆ ಊರಿಗೆ ನಾಟಕ ಕಂಪನಿ ಬಂದು ಬೀಡುಬಿಡುವುದು ಉತ್ತರ ಕರ್ನಾಟಕದಲ್ಲಿ ಬಹುಕಾಲ ನಡೆದುಬಂದ ವಾಡಿಕೆ. ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿ ಮುಂಡರಗಿಗಳಲ್ಲಿ ಹಗಲೆಲ್ಲ ಹೊಲದಲ್ಲಿಯೋ ಮಗ್ಗದ ಮುಂದೆಯೋ ದುಡಿದ ಜನರು ರಾತ್ರಿಯಾಗುತ್ತಲೇ ಬುತ್ತಿ ಕಟ್ಟಿಕೊಂಡು ಹಂದರದ ಕಡೆಗೆ ಹೊರಡುತ್ತಿದ್ದರು. ಪೆಟ್ಟಿಗೆಯ ಸ್ವರ ಏರಿ ಪರದೆ ಮೇಲೆ ಸರಿದರೆ ಆಟ ಮುಗಿಯುವಾಗ ಕೋಳಿ ಕೂಗುತ್ತಿತ್ತು. ಮಾತಿಗಿಂತ ಹಾಡಿಗೆ ಆ ನಾಟಕಗಳಲ್ಲಿ ಹೆಚ್ಚಿನ ಬೆಲೆ. ಮೆಚ್ಚಿದ ಪದವನ್ನು ಜನ ಎರಡು ಸಲ, ಮೂರು ಸಲ ಹಾಡಿಸುತ್ತಿದ್ದರು. ಈ ರಂಗಭೂಮಿಯ ನೆರಳಿನಲ್ಲಿ ಬೆಳೆದ ಹೆಣ್ಣುಮಗಳೊಬ್ಬಳು ಮುಂಬಯಿಯ ಚಲನಚಿತ್ರಲೋಕವನ್ನು ಸೇರಿ, ಭಾರತದ ಮೂಲೆಮೂಲೆಯಲ್ಲಿ ತನ್ನ ಕಂಠವನ್ನು ಕೇಳಿಸಿದಳು. ಆಕೆಯೇ ಅಮೀರಬಾಯಿ ಕರ್ನಾಟಕಿ.

ಅಮೀರಬಾಯಿಯವರ ಜೀವನವನ್ನು ಅರಿಯಬೇಕಾದರೆ ಅವರಿಗಿಂತ ಹಿಂದಿನ ಕೆಲವು ಸಂಗತಿಗಳನ್ನು ತಿಳಿಯುವುದು ಅವಶ್ಯ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ವಿಜಾಪುರ ಸೀಮೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠಿ ನಾಟಕಗಳದೇ ಪ್ರಾಬಲ್ಯವಾಗಿತ್ತು. ಕನ್ನಡಿಗರು ಕೂಡ ಮರಾಠಿ ನಾಟಕಗಳನ್ನು ನೋಡಿಯೇ ಸಂತೋಷಪಡುತ್ತಿದ್ದರು. ಇದನ್ನು ಕಂಡು ಮರುಗಿದ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡದಲ್ಲಿ ನಾಟಕಗಳನ್ನು ಬರೆದು ಆಡಿಸಿದರು. ಕೃತಪುರವೆಂಬುದು ಗದಗಿನ ಹಳೆಯ ಹೆಸರು. ಶಾಂತಕವಿಗಳು ವೃತ್ತಿಯಿಂದ ಶಾಲೆಯ ಉಪಾಧ್ಯಾಯರಾಗಿದ್ದರು ಎಂಬುದನ್ನು ನೆನೆದರೆ ಅವರ ಸಾಹಸದ ಹಿರಿಮೆ ಇನ್ನಷ್ಟು ತಿಳಿಯುತ್ತದೆ. ಮುಂದೆ ಶಿರಹಟ್ಟಿಯ ವೆಂಕೋಬರಾಯರು ಮಹಾಲಕ್ಷ್ಮೀ ಪ್ರಾಸಾದಿಕ ನಾಟಕ ಮಂಡಳಿಯನ್ನು ನಡೆಸಿದರು. ಗದಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ನಾಡಿನಲ್ಲೆಲ್ಲ ಹೆಸರಾಯಿತು.

ಆದರೆ ಆ ಕಾಲದ ರಂಗದ ಮೇಲೆ ಸೀತೆ, ದ್ರೌಪದಿಯರಾಗಿ ನಿಲ್ಲುತ್ತಿದ್ದವರು ಬಹುಮಟ್ಟಿಗೆ ಗಂಡಸರೇ. ಮೀಸೆ ಬೋಳಿಸಿ, ಸೀರೆ ಉಟ್ಟು, ಕಂಠವನ್ನು ಸಣ್ಣಗೆ ಮಾಡಿಕೊಂಡು ಹಾಡುವ ನಟನಿಗೆ ಮಾನಮರ್ಯಾದೆಗಳಿದ್ದವು. ಅದೇ ಪಾತ್ರವನ್ನು ಹೆಣ್ಣೊಬ್ಬಳು ವಹಿಸಿದರೆ ಆಕೆಯನ್ನು ಕೀಳಾಗಿ ಕಾಣುತ್ತಿದ್ದರು. ರಾತ್ರಿ ಆಕೆಯ ಹಾಡಿಗೆ ಚಪ್ಪಾಳೆ ತಟ್ಟಿದವರೇ ಮರುದಿನ ಆಕೆಗೆ ಬಾಡಿಗೆಯ ಮನೆ ಕೊಡಲು ಹಿಂಜರಿಯುತ್ತಿದ್ದರು. ಈ ವಿಚಿತ್ರ ನ್ಯಾಯವನ್ನು ಸಹಿಸಿಕೊಂಡು ಕೆಲವು ಹೆಣ್ಣುಮಕ್ಕಳು ಧೈರ್ಯದಿಂದ ರಂಗವನ್ನೇರಿದರು. ಲಕ್ಷ್ಮೇಶ್ವರದ ಬಚ್ಚಾಸಾನಿ ನಟಿಯಾಗಿ, ಗಾಯಕಿಯಾಗಿ ಹೆಸರಾದರು. ಅಂಥವರು ತುಳಿದು ಹಸನು ಮಾಡಿದ ದಾರಿಯಲ್ಲಿಯೇ ಮುಂದಿನವರು ನಡೆದರು.

ಅಮೀರಬಾಯಿ ಜನಿಸಿದ್ದು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಬೀಳಗಿ ಎಂಬ ಊರಿನಲ್ಲಿ. ಅಂದು ವಿಜಾಪುರ ಜಿಲ್ಲೆಗೆ ಸೇರಿದ್ದ ಈ ಊರು 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅವರದು ಸಂಗೀತ, ನಾಟಕಗಳನ್ನೇ ನಂಬಿಕೊಂಡಿದ್ದ ಮುಸಲ್ಮಾನ ಕುಟುಂಬ. ಮನೆಯ ಮಾತು ಕನ್ನಡ. ಮನೆಯ ಹಿರಿಯರು ನಾಟಕ ಕಂಪನಿಯವರಾದುದರಿಂದ ಹುಡುಗಿಯರ ಕಿವಿಗೆ ತಬಲೆಯ ಪೆಟ್ಟು, ರಂಗಗೀತೆಯ ಆಲಾಪ ಎಳವೆಯಲ್ಲಿಯೇ ಬಿದ್ದವು. ಅಮೀರಬಾಯಿ ಮತ್ತು ಅವರ ಸೋದರಿ ಗೋಹರಬಾಯಿ ಇಬ್ಬರೂ ಹಾಡಿನಲ್ಲಿ ನಿಪುಣರಾದರು. ಗುಡಿಯ ಪುರಾಣ, ದರ್ಗೆಯ ಖವ್ವಾಲಿ ಎರಡನ್ನೂ ಒಂದೇ ಓಣಿಯ ಜನ ಕೇಳುತ್ತಿದ್ದ ಸೀಮೆ ಅದು. ಅಲ್ಲಿ ಬೆಳೆದವರಿಗೆ ವಿಷ್ಣುವಿನ ಭಜನೆಯನ್ನಾಗಲಿ ಉರ್ದು ಗಜಲನ್ನಾಗಲಿ ಹಾಡುವುದು ಪರಕೀಯವೆನಿಸಲಿಲ್ಲ.

ನಾಟಕದವರಿಗೆ ಒಂದು ಊರು ನಿಲುಗಡೆಯಲ್ಲ. ಗದಗಿನಿಂದ ಹೊರಟು ಬಾದಾಮಿ, ಬಾಗಲಕೋಟೆ, ವಿಜಾಪುರಗಳ ಮೂಲಕ ಹೊಟಗಿಯನ್ನು ಮುಟ್ಟುವ ರೈಲುಹಾದಿ ಆ ಪ್ರದೇಶವನ್ನು ಸೊಲ್ಲಾಪುರದ ಕಡೆಗೆ, ಅಲ್ಲಿಂದ ಮುಂಬಯಿಯ ಕಡೆಗೆ ತೆರೆದಿತ್ತು. ಪರದೆಗಳ ಸುರುಳಿಗಳನ್ನೂ ಪೆಟ್ಟಿಗೆಗಳನ್ನೂ ಏರಿಸಿಕೊಂಡು ಕಂಪನಿಗಳು ಆ ಹಾದಿಯಲ್ಲಿ ಓಡಾಡುತ್ತಿದ್ದವು. 1930ರ ಸುಮಾರಿಗೆ ಆ ಹಾದಿಯ ಕೊನೆಯಲ್ಲಿದ್ದ ಮುಂಬಯಿಯಲ್ಲಿ ಹೊಸದೊಂದು ಬದಲಾವಣೆ ನಡೆದಿತ್ತು. 1931ರಲ್ಲಿ ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ತೆರೆಗೆ ಬಂದಿತು. ಅದುವರೆಗೆ ಮೂಕವಾಗಿದ್ದ ಚಿತ್ರ ಮಾತನಾಡತೊಡಗಿದಾಗ ರೂಪ ಮಾತ್ರವಿದ್ದ ಎಷ್ಟೋ ನಟಿಯರು ತೆರೆಯ ಮರೆಗೆ ಸರಿದರು. ಹಾಡಬಲ್ಲವರಿಗೆ, ಅದರಲ್ಲಿಯೂ ರಂಗದ ಮೇಲೆ ನಿಂತು ಹಾಡಿ ಪಳಗಿದವರಿಗೆ, ಕರೆ ಬಂದಿತು.

ಮೊದಲು ಹೋದವರು ಗೋಹರಬಾಯಿ. ಅವರ ಬೆನ್ನಿಗೆ ಅಮೀರಬಾಯಿಯೂ ಮುಂಬಯಿಯನ್ನು ಸೇರಿದರು. ಧ್ವನಿಮುದ್ರಿಕೆಯ ಕಂಪನಿಯವರು ಈ ತರುಣಿಯಿಂದ ಖವ್ವಾಲಿಯೊಂದನ್ನು ಹಾಡಿಸಿದರು, ಅದು ಜನಪ್ರಿಯವಾಯಿತು. 1934ರಲ್ಲಿ ‘ವಿಷ್ಣು ಭಕ್ತಿ’ ಎಂಬ ಚಿತ್ರದಲ್ಲಿ ಅವರಿಗೆ ಪಾತ್ರ ದೊರೆಯಿತು. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆಕಂಡದ್ದೂ ಆ ವರ್ಷವೇ.

ಮುಂಬಯಿಯಲ್ಲಿ ಅವರು ಕರ್ನಾಟಕಿ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧರಾದರು. ಕಲಾವಿದರು ಊರಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳುವುದು ಅಂದಿನ ಪದ್ಧತಿ. ಗಂಗೂಬಾಯಿ ಹಾನಗಲ್ಲರ ಆರಂಭದ ಮುದ್ರಿಕೆಗಳು ಗಾಂಧಾರಿ ಹುಬ್ಳೀಕರ ಎಂಬ ಹೆಸರಿನಲ್ಲಿ ಬಂದಿದ್ದವು. ಆದರೆ ಬೀಳಗಿಯ ಸೋದರಿಯರು ತಮ್ಮ ಹೆಸರಿಗೆ ಊರನ್ನಲ್ಲ, ನಾಡನ್ನೇ ಜೋಡಿಸಿಕೊಂಡಿದ್ದರು. ಕನ್ನಡನಾಡು ಆಗ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಅದು ಒಂದು ರಾಜ್ಯವಾಗಲು 1956ರವರೆಗೆ ಕಾಯಬೇಕಾಯಿತು; ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಈ ಇಬ್ಬರು ಹೆಣ್ಣುಮಕ್ಕಳ ಹೆಸರಿನೊಡನೆ ಆ ಮಾತು ಲಾಹೋರ್, ಕಲಕತ್ತೆಗಳವರೆಗೆ ಹೋಗಿತ್ತು.

ಆರಂಭದ ದಿನಗಳ ಚಿತ್ರೀಕರಣ ಸುಲಭದ ಕೆಲಸವಾಗಿರಲಿಲ್ಲ. ಅಭಿನಯಿಸುವವರೇ ಕ್ಯಾಮರಾದ ಮುಂದೆ ನಿಂತು ಹಾಡಬೇಕು. ಧ್ವನಿ ಆಗಲೇ ಮುದ್ರಿತವಾಗಬೇಕು. ತಬಲೆಯವರು, ಪೆಟ್ಟಿಗೆಯವರು ಗಿಡದ ಮರೆಯಲ್ಲಿಯೋ ಗೋಡೆಯ ಹಿಂದೆಯೋ ಅಡಗಿ ಕುಳಿತು ನುಡಿಸುತ್ತಿದ್ದರು. ತಾಳ ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭ. ನಾಟಕದಲ್ಲಿ ಸಾವಿರ ಜನರಿಗೆ ಕೇಳುವಂತೆ ಎತ್ತರದ ಸ್ವರದಲ್ಲಿ ಹಾಡಿ ರೂಢಿಯಾದವರು ಯಂತ್ರದ ಮುಂದೆ ಸ್ವರವನ್ನು ತಗ್ಗಿಸಿ, ಉಸಿರನ್ನು ಬಿಗಿಹಿಡಿದು ಹಾಡುವುದನ್ನು ಕಲಿಯಬೇಕಾಯಿತು. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯು ತನ್ನ ‘ಧೂಪ್ ಛಾವ್’ ಚಿತ್ರದಲ್ಲಿ ಹಾಡನ್ನು ಮೊದಲೇ ಬೇರೆಯಾಗಿ ಮುದ್ರಿಸಿಕೊಂಡು, ನಟರು ಅದಕ್ಕೆ ತುಟಿಯಾಡಿಸುವ ಕ್ರಮವನ್ನು ಬಳಕೆಗೆ ತಂದಿತು. ಇದೇ ಹಿನ್ನೆಲೆ ಗಾಯನ. ಈ ಚಿಕ್ಕ ಉಪಾಯ ಅಮೀರಬಾಯಿಯವರ ಬದುಕನ್ನು ಮುಂದೆ ಎರಡು ಸಲ ತಿರುಗಿಸಿತು. ಒಮ್ಮೆ ಏರುಗತಿಗೆ, ಇನ್ನೊಮ್ಮೆ ಇಳಿಗತಿಗೆ.

ಮೊದಲ ಎಂಟೊಂಬತ್ತು ವರ್ಷಗಳು ಕಷ್ಟದವು. ಅವರು ನಟಿಸಿ ಹಾಡಿದ ಚಿತ್ರಗಳು ಒಂದರ ಹಿಂದೊಂದು ಬಂದವು, ಹೋದವು. ಪಾತ್ರಗಳು ಬಹಳವಾಗಿ ಚಿಕ್ಕವು. ಆ ಅವಧಿಯಲ್ಲಿ ನೆನೆಯತಕ್ಕದ್ದು 1940ರಲ್ಲಿ ಬಂದ, ವಿಜಯ ಭಟ್ಟರು ನಿರ್ದೇಶಿಸಿದ ‘ನರಸಿ ಭಗತ್’. ಗುಜರಾತದ ಸಂತಕವಿ ನರಸಿ ಮೆಹತಾನ ಕಥೆ ಅದು. ಪರರ ದುಃಖವನ್ನು ಬಲ್ಲವನೇ ವೈಷ್ಣವನೆಂದು ಸಾರುವ, ಗಾಂಧೀಜಿಯವರಿಗೆ ಪ್ರಿಯವಾಗಿದ್ದ ಆತನ ಭಜನೆ ಈ ಚಿತ್ರದಲ್ಲಿ ಅಮೀರಬಾಯಿಯವರ ಕಂಠದಲ್ಲಿಯೂ ಕೇಳಿಬಂದಿತು.

1943ರ ಜನವರಿಯಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ತೆರೆಕಂಡಿತು. ಜ್ಞಾನ್ ಮುಖರ್ಜಿಯವರ ನಿರ್ದೇಶನ, ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಗೀತೆಗಳು. ನಾಯಕ ಅಶೋಕ್ ಕುಮಾರ್, ಅವನೊಬ್ಬ ಜೇಬುಗಳ್ಳ. ನಾಯಕಿ ಮುಮ್ತಾಜ್ ಶಾಂತಿ. ಒಂದು ಕಾಲದಲ್ಲಿ ರಂಗದ ಮೇಲೆ ಮೆರೆದು, ಕಾಲು ಕುಂಟಾಗಿ ಬಡತನಕ್ಕೆ ಬಿದ್ದ ಹುಡುಗಿಯ ಪಾತ್ರ ಆಕೆಯದು. ಈ ಹುಡುಗಿಗೆ ಹಾಡಿನ ದನಿಯಾದವರು ಅಮೀರಬಾಯಿ. ನಾಟಕದ ಮನೆತನದಲ್ಲಿ ಹುಟ್ಟಿ ಬೆಳೆದವರ ದನಿಯೇ ಆ ಪಾತ್ರಕ್ಕೆ ಒದಗಿದ್ದು ಕಾಕತಾಳೀಯವಿರಬಹುದು. ಆದರೆ ಆ ದನಿಯಲ್ಲಿದ್ದ ನೋವು ಕೃತಕವಾಗಿರಲಿಲ್ಲ.

ಚಿತ್ರದ ಹಾಡುಗಳಲ್ಲಿ ಒಂದು ದೀಪಾವಳಿಯದು. ಊರಿನ ಮನೆಮನೆಯಲ್ಲಿ ಹಣತೆಗಳು ಉರಿಯುತ್ತಿರುವಾಗ ತನ್ನ ಮನೆಯಲ್ಲಿ ಮಾತ್ರ ಕತ್ತಲೆಯೆಂದು ಹುಡುಗಿ ಕೊರಗುತ್ತಾಳೆ. ಇನ್ನೊಂದು ದೇಶಾಭಿಮಾನದ ಗೀತೆ. ಚಿತ್ರದಲ್ಲಿ ಅದು ರಂಗಮಂದಿರದ ವೇದಿಕೆಯ ಮೇಲೆ ನಡೆಯುವ ಹಾಡು. ಅಮೀರಬಾಯಿ, ಖಾನ್ ಮಸ್ತಾನಾ ಮತ್ತು ಸಂಗಡಿಗರು ಅದನ್ನು ಹಾಡಿದರು. ಹಿಂದುಸ್ಥಾನ ತಮ್ಮದು, ಪರದೇಶದವರು ದೂರ ಸರಿಯಬೇಕು ಎಂಬುದು ಅದರ ತಾತ್ಪರ್ಯ. ಹಿಂದಿನ ವರ್ಷದ ಆಗಸ್ಟಿನಲ್ಲಷ್ಟೇ ಭಾರತ ಬಿಟ್ಟು ತೊಲಗಿರೆಂಬ ಚಳವಳಿ ಆರಂಭವಾಗಿತ್ತು. ಗಾಂಧೀಜಿ ಮೊದಲಾದ ನಾಯಕರು ಸೆರೆಮನೆಯಲ್ಲಿದ್ದರು. ಇಂಥ ಸಮಯದಲ್ಲಿ ಈ ಹಾಡು ಸೆನ್ಸಾರಿನ ಕಣ್ಣು ತಪ್ಪಿಸಿದ್ದು ಹೇಗೆ? ಕವಿ ಜಾಣತನದಿಂದ ಜರ್ಮನಿ, ಜಪಾನುಗಳ ಹೆಸರನ್ನು ಸೇರಿಸಿದ್ದರು. ಮಹಾಯುದ್ಧದಲ್ಲಿ ಅವು ಆಂಗ್ಲರ ಶತ್ರುದೇಶಗಳು. ಆದುದರಿಂದ ಅಧಿಕಾರಿಗಳು ಇದನ್ನು ಯುದ್ಧಪ್ರಚಾರದ ಹಾಡೆಂದು ಬಗೆದರು. ಆದರೆ ಚಿತ್ರಮಂದಿರದಲ್ಲಿ ನೆಲದ ಮೇಲೆ ಕುಳಿತ ಸಾಮಾನ್ಯನಿಗೆ ಅದು ಯಾರನ್ನು ಕುರಿತದ್ದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ರೀಲನ್ನು ಹಿಂದಕ್ಕೆ ಸುತ್ತಿಸಿ ಹಾಡನ್ನು ಮತ್ತೆಮತ್ತೆ ತೋರಿಸಬೇಕೆಂದು ಪ್ರೇಕ್ಷಕರು ಹಟಹಿಡಿಯುತ್ತಿದ್ದರಂತೆ. ಹಾಡಿನ ನಿಜವಾದ ಅರ್ಥ ಅಧಿಕಾರಿಗಳಿಗೆ ಹೊಳೆದಾಗ ಕಾಲ ಮಿಂಚಿತ್ತು. ಪ್ರದೀಪರು ಕೆಲವು ಕಾಲ ತಲೆಮರೆಸಿಕೊಂಡಿರಬೇಕಾಯಿತು.

ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ‘ಕಿಸ್ಮತ್’ ಮೂರು ವರ್ಷಗಳಿಗೂ ಮಿಕ್ಕಿ ಓಡಿತು. ಅಮೀರಬಾಯಿಯವರ ಹೆಸರು ದೇಶದ ತುಂಬ ಹಬ್ಬಿತು. 1944ರಲ್ಲಿ ಬಂದ ‘ಭರ್ತೃಹರಿ’ ಚಿತ್ರಕ್ಕೆ ಖೇಮಚಂದ್ ಪ್ರಕಾಶರು ಸಂಗೀತ ನೀಡಿದ್ದರು. ಸಿಂಹಾಸನವನ್ನು ತೊರೆದು ಜೋಗಿಯಾದ ಅರಸು ತನ್ನ ರಾಣಿ ಪಿಂಗಳೆಯ ಬಾಗಿಲಿಗೇ ಬಂದು, ಆಕೆಯನ್ನು ತಾಯಿಯೆಂದು ಕರೆದು ಭಿಕ್ಷೆ ಬೇಡುವ ಪ್ರಸಂಗ ಅದರಲ್ಲಿದೆ. ಅರಸನಾಗಿ ಸುರೇಂದ್ರರು ಹಾಡಿದರೆ ರಾಣಿಯ ಕಂಠವಾಗಿ ಅಮೀರಬಾಯಿ ಹಾಡಿದರು. ಬಯಲಾಟದ ಜೋಗಿಪದಗಳನ್ನು ಕೇಳಿ ಬಲ್ಲವರಿಗೆ ಆ ಹಾಡಿನ ಧಾಟಿ ಹೊಸತೆನಿಸದು. ಆ ವರ್ಷವೇ ನೌಷಾದರ ‘ರತನ್’, 1947ರಲ್ಲಿ ಸಿ. ರಾಮಚಂದ್ರರ ‘ಶೆಹನಾಯಿ’ ಚಿತ್ರಗಳಲ್ಲಿ ಅವರ ಹಾಡುಗಳಿದ್ದವು. ಜೊಹ್ರಾಬಾಯಿ ಅಂಬಾಲೆವಾಲಿ, ರಾಜಕುಮಾರಿ, ಶಮ್ಶಾದ್ ಬೇಗಂ, ಅಮೀರಬಾಯಿ, ಇವರೇ ಆ ದಶಕದ ಮುಂಚೂಣಿಯ ಗಾಯಕಿಯರು. ಕನ್ನಡ ಕೋಗಿಲೆಯೆಂಬ ಬಿರುದೂ ಅಮೀರಬಾಯಿಯವರಿಗೆ ಸಂದಿತು.

ಕನ್ನಡದ ಮನೆಯಿಂದ ಬಂದ ಅವರು ಹಿಂದಿ ಉರ್ದುಗಳನ್ನು ಮಾತ್ರವಲ್ಲ, ಗುಜರಾತಿಯನ್ನೂ ಸೊಗಸಾಗಿ ನುಡಿಯಬಲ್ಲವರಾಗಿದ್ದರು. 1946ರ ‘ರಾಣಕದೇವಿ’ ಎಂಬ ಗುಜರಾತಿ ಚಿತ್ರಕ್ಕೆ ಅವರು ಹಾಡಿದ ಗೀತೆಯೊಂದನ್ನು ಗುಜರಾತಿನ ಜನ ತಮ್ಮ ಮನೆಮಾತಿನ ಹಾಡೆಂದೇ ಒಪ್ಪಿಕೊಂಡರು. ತನ್ನ ಹಳ್ಳಿಗೆ ಒಮ್ಮೆಯಾದರೂ ಬರಬೇಕೆಂದು ಪ್ರಿಯನನ್ನು ಬೇಡಿಕೊಳ್ಳುವ ಹಾಡು ಅದು. ಹಾಡಿದವರ ಹಳ್ಳಿ ಘಟಪ್ರಭೆ ಕೃಷ್ಣೆಗಳ ಸೀಮೆಯಲ್ಲಿತ್ತೆಂಬುದು ಕೇಳಿದವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ!

ಹೊರಗೆ ಕೀರ್ತಿ ಬೆಳೆಯುತ್ತಿದ್ದಾಗ ಮನೆಯೊಳಗಿನ ಬಾಳು ಕಹಿಯಾಗಿತ್ತು. ಅಮೀರಬಾಯಿಯವರು ಮದುವೆಯಾಗಿದ್ದುದು ಹಿಮಾಲಯವಾಲಾ ಎಂಬ ಹೆಸರಿನಿಂದ ಪ್ರಸಿದ್ಧರಾಗಿದ್ದ ನಟರನ್ನು. ಅವರು ತೆರೆಯ ಮೇಲೆ ಖಳನಾಯಕರ ಪಾತ್ರಗಳನ್ನು ವಹಿಸುತ್ತಿದ್ದರು. ಗಂಡನ ಹಿಂಸೆಯನ್ನು ಅಮೀರಬಾಯಿ ಕೆಲವು ಕಾಲ ಮೌನವಾಗಿ ಸಹಿಸಿದರು. ಲಕ್ಷಾಂತರ ಜನರು ತನ್ನ ಹಾಡಿಗೆ ಕಾದಿರುವಾಗ ತಾನು ಮಾತ್ರ ಮನೆಯಲ್ಲಿ ಹೆದರಿ ಬದುಕುವ ಸ್ಥಿತಿ ಅವರದಾಯಿತು. ನಟಿಯಾದವಳು ಗಂಡನ ಮೇಲೆ ದೂರು ಹೇಳಿದರೆ ಸಮಾಜ ಆಕೆಯನ್ನೇ ದೂಷಿಸುತ್ತಿದ್ದ ಕಾಲ ಅದು. ಆದರೂ ಅವರು ಕೊನೆಗೆ ಎದೆಗುಂದದೆ ವಿಚ್ಛೇದನೆಯನ್ನು ಪಡೆದರು. ದೇಶವಿಭಜನೆಯ ಬಳಿಕ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಚಿತ್ರಗಳಲ್ಲಿ ನಟಿಸಿದರು. ಅಮೀರಬಾಯಿಯವರು ‘ಪಾರಸ್’ ಪತ್ರಿಕೆಯ ಸಂಪಾದಕರಾಗಿದ್ದ ಬದರಿ ಕಾಂಚವಾಲಾ ಅವರನ್ನು ಮದುವೆಯಾದರು. ಈ ದಾಂಪತ್ಯ ಅವರಿಗೆ ನೆಮ್ಮದಿಯನ್ನು ತಂದಿತು.

1948ರಲ್ಲಿ ಅಮೀರಬಾಯಿ ಇನ್ನೊಂದು ಸಾಹಸಕ್ಕೆ ಕೈಹಾಕಿದರು. ‘ಶಹನಾಜ್’ ಎಂಬ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಹೆಂಗಸರು ಹಾಡಬಹುದು, ಆದರೆ ವಾದ್ಯಗಾರರ ಮುಂದೆ ನಿಂತು ಹೀಗೆ ನುಡಿಸಿರೆಂದು ಹೇಳಬಾರದು ಎಂಬ ಅಲಿಖಿತ ನಿಯಮ ಚಿತ್ರರಂಗದಲ್ಲಿತ್ತು. ಜದ್ದನಬಾಯಿ, ಸರಸ್ವತೀದೇವಿ ಮೊದಲಾದ ಕೆಲವರೇ ಅದನ್ನು ಮುರಿದವರು. ಆ ಸಣ್ಣ ಸಾಲಿಗೆ ಬೀಳಗಿಯ ಹೆಣ್ಣುಮಗಳೂ ಸೇರಿದರು.

ಆದರೆ ಅಷ್ಟರಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸತೊಡಗಿತ್ತು. 1949ರಲ್ಲಿ ‘ಮಹಲ್’, ‘ಬರಸಾತ್’ ಚಿತ್ರಗಳು ಬಂದವು. ಲತಾ ಮಂಗೇಶ್ಕರ್ ಎಂಬ ತರುಣಿಯ ತೆಳುವಾದ, ನವಿರಾದ ಕಂಠ ದೇಶವನ್ನು ಮರುಳುಮಾಡಿತು. ‘ಭರ್ತೃಹರಿ’ಯಲ್ಲಿ ಅಮೀರಬಾಯಿಯವರಿಂದ ಹಾಡಿಸಿದ್ದ ಖೇಮಚಂದ್ ಪ್ರಕಾಶರೇ ‘ಮಹಲ್’ ಚಿತ್ರದ ಸಂಗೀತ ನಿರ್ದೇಶಕರು. ಧ್ವನಿಗ್ರಹಣದ ಯಂತ್ರಗಳೂ ಸುಧಾರಿಸಿದ್ದವು. ಹಂದರದ ಕೊನೆಯ ಸಾಲಿಗೆ ಮುಟ್ಟುವಂತೆ ಎದೆಯಿಂದ ಎತ್ತಿ ಹಾಡುವ ತುಂಬುಕಂಠ ಈಗ ಹಳತೆನಿಸತೊಡಗಿತು. ನಟಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರು ಎಂಬ ಏರ್ಪಾಡು ಒಮ್ಮೆ ಅಮೀರಬಾಯಿಯವರಿಗೆ ಕೀರ್ತಿಯನ್ನು ಕೊಟ್ಟಿತ್ತು. ಅದೇ ಏರ್ಪಾಡು ಈಗ ಯಾವ ನಟಿಗೂ ಒಪ್ಪುವ ಒಂದೆರಡು ಕಂಠಗಳನ್ನು ಆರಿಸಿಕೊಂಡು ಉಳಿದವರನ್ನು ಹೊರಗಿಟ್ಟಿತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಜೊಹ್ರಾಬಾಯಿಯವರೂ ಅದೇ ಕಾಲಕ್ಕೆ ಹಿಂದೆ ಸರಿದರು.

ಅಮೀರಬಾಯಿಯವರು ಮುನಿದು ಮನೆಯಲ್ಲಿ ಕೂಡಲಿಲ್ಲ. ಹಾಡುಗಳು ಕಡಿಮೆಯಾದಂತೆ ಅವರು ಮತ್ತೆ ಅಭಿನಯದ ಕಡೆಗೆ ತಿರುಗಿದರು. ತಾಯಿ, ಅತ್ತೆ, ನೆರೆಮನೆಯ ಹೆಂಗಸು, ಇಂಥ ಚಿಕ್ಕ ಪಾತ್ರಗಳು ದೊರೆತರೂ ಅವನ್ನು ಕೀಳೆಂದು ತಿಳಿಯಲಿಲ್ಲ. ನಾಟಕದ ಮನೆತನದವರಿಗೆ ಇದು ಹೊಸತಲ್ಲ. ಇಂದು ರಾಣಿಯಾದವಳು ನಾಳೆ ದಾಸಿಯಾಗಿ ರಂಗದ ಮೇಲೆ ಬರಬೇಕಾದದ್ದು ಕಂಪನಿಯ ನಿತ್ಯಧರ್ಮ.

ಸೋದರಿ ಗೋಹರಬಾಯಿಯವರ ಬಾಳು ಬೇರೊಂದು ದಾರಿಯನ್ನು ಹಿಡಿದಿತ್ತು. ಅವರು 1930ರ ದಶಕದ ಕೊನೆಗೆ ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಮಂಡಳಿಯನ್ನು ಸೇರಿದರು. ಸ್ತ್ರೀಪಾತ್ರಗಳಿಂದಲೇ ಜಗತ್ಪ್ರಸಿದ್ಧರಾಗಿದ್ದ ಗಂಡಸಿನ ಮಂಡಳಿಯಲ್ಲಿ ಕನ್ನಡದ ಹೆಣ್ಣುಮಗಳೊಬ್ಬಳು ಸ್ತ್ರೀಪಾತ್ರಗಳನ್ನು ವಹಿಸತೊಡಗಿದ್ದನ್ನು ಅಂದಿನ ರಸಿಕರು ಸುಲಭವಾಗಿ ಕ್ಷಮಿಸಲಿಲ್ಲ. ಗೋಹರಬಾಯಿಯವರು ಅನೇಕ ನಿಂದೆಗಳನ್ನು ಕೇಳಬೇಕಾಯಿತು. ಆದರೂ ಬಾಲಗಂಧರ್ವರು ವೃದ್ಧಾಪ್ಯದಲ್ಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡಾಗ ಅವರ ಜೊತೆಯಲ್ಲಿ ನಿಂತವರು ಅವರೇ. 1964ರಲ್ಲಿ ಗೋಹರಬಾಯಿ ತೀರಿಕೊಂಡರು.

ಮುಂಬಯಿಯಲ್ಲಿ ನೆಲೆಸಿದರೂ ಅಮೀರಬಾಯಿಯವರು ಹುಟ್ಟಿದ ನಾಡನ್ನು ಮರೆತಿರಲಿಲ್ಲ. ತಾವು ಗಳಿಸಿದ ಹಣದಿಂದ ವಿಜಾಪುರದಲ್ಲಿ ಒಂದು ಚಿತ್ರಮಂದಿರವನ್ನು ಕಟ್ಟಿಸಿದ್ದರು. ಅದಕ್ಕೆ ಅಮೀರ್ ಟಾಕೀಸ್ ಎಂದು ಹೆಸರು. ನಾಟಕದವರೆಂದು ಒಂದು ಕಾಲಕ್ಕೆ ಊರ ಹೊರಗೆ ಬಿಡಾರ ಹುಡುಕಬೇಕಾಗಿದ್ದ ವರ್ಗದ ಹೆಣ್ಣೊಬ್ಬಳ ಹೆಸರು ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ದೊಡ್ಡ ಅಕ್ಷರಗಳಲ್ಲಿ ನಿಂತಿತು. ಹಳ್ಳಿಗಳಿಂದ ಸಂತೆಗೆ ಬಂದವರು ಆಟ ನೋಡಲು ಆ ಹೆಸರನ್ನು ಹೇಳಿಯೇ ದಾರಿ ಕೇಳುತ್ತಿದ್ದರು.

ಸೋದರಿ ತೀರಿಕೊಂಡ ಮರುವರ್ಷ ಅಮೀರಬಾಯಿಯವರು ಪಾರ್ಶ್ವವಾಯುವಿಗೆ ತುತ್ತಾದರು. ಹಾಸಿಗೆ ಹಿಡಿದು ಬಹಳ ದಿನ ಕಳೆಯಲಿಲ್ಲ. 1965ರ ಮಾರ್ಚ್ 3ರಂದು ಅವರು ನಿಧನರಾದರು. ಅವರ ಮಣ್ಣು ವಿಜಾಪುರದಲ್ಲಿ, ಅಮೀರ್ ಟಾಕೀಸ್ ಇದ್ದ ಊರಿನಲ್ಲಿಯೇ, ನಡೆಯಿತು.